ಪಾರ್ಟಿ ಕೊಟ್ಟ ಪತ್ರಗಳು: ಒಬ್ಬರೇ ಕೆಲಸ ಮಾಡುವ ರಿಯಲ್ ಎಸ್ಟೇಟ್ ಏಜೆಂಟರಿಗೆ ಟಿಪ್ಪಣಿ

ದೊಡ್ಡ ಕಂಪನಿಯಲ್ಲಿ ಕೆಲಸ ಮಾಡುವವರಿಗೆ ಫೈಲ್ ಇಡಲು ಕಪಾಟು, ಬೀಗ, ಕಂಪ್ಯೂಟರ್ ನೋಡಿಕೊಳ್ಳುವ ಹುಡುಗರು ಇರುತ್ತಾರೆ. ಒಬ್ಬರೇ ಓಡಾಡುವ ನಮಗೆ ಹೆಗಲಿನ ಬ್ಯಾಗು, ಬೈಕಿನ ಡಿಕ್ಕಿ, ಒಂದು ಫೋನು. ಇಷ್ಟೇ ನಮ್ಮ ಆಫೀಸು. ರಿಯಲ್ ಎಸ್ಟೇಟ್ ವ್ಯವಹಾರದ ಕಾಯ್ದೆಯಾದ ರೆರಾ ಓದುವಾಗ ನೋಂದಣಿ, ದಂಡ ಎಲ್ಲ ಕಲಿಯುತ್ತೇವೆ. ಪಾರ್ಟಿಯ, ಅಂದರೆ ನಮ್ಮ ಗ್ರಾಹಕರ, ಪತ್ರ ಕಾಪಾಡುವುದನ್ನು ಮಾತ್ರ ಯಾರೂ ಕೂರಿಸಿ ಹೇಳಿಕೊಡುವುದಿಲ್ಲ. ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಪ್ರಶ್ನೆ: ಯಾವುದು ಗುಟ್ಟು?

ನೋಂದಣಿಯಾದ ಕ್ರಯಪತ್ರ ಗುಟ್ಟಿನ ಪತ್ರವೇ ಅಲ್ಲ. 1908ರ ನೋಂದಣಿ ಕಾಯ್ದೆಯ 57ನೇ ಕಲಂ ಓದಿ. ಸ್ಥಿರಾಸ್ತಿಯ ಪತ್ರಗಳು ಒಂದನೇ ಪುಸ್ತಕದಲ್ಲಿ ದಾಖಲಾಗುತ್ತವೆ. ಅದನ್ನು ಯಾರು ಬೇಕಾದರೂ ಶುಲ್ಕ ಕಟ್ಟಿ ನೋಡಬಹುದು, ನಕಲು ಕೇಳಬಹುದು. ಸೈಟು ಯಾರದ್ದು, ಸಾಲ ಇದೆಯಾ ಎಂದು ಕೊಳ್ಳುವವರಿಗೆ ಗೊತ್ತಾಗಲಿ ಎಂದೇ ಈ ವ್ಯವಸ್ಥೆ. ಇಸಿ, ಅಂದರೆ ಆಸ್ತಿಯ ಋಣಭಾರ ಪತ್ರ, ತೆಗೆಸುವುದೂ ಅದಕ್ಕೇ. ಆದರೆ ಉಯಿಲು ಮೂರನೇ ಪುಸ್ತಕಕ್ಕೆ ಹೋಗುತ್ತದೆ. ಬರೆದವರು ಬದುಕಿರುವವರೆಗೆ ಅದರ ನಕಲು ಅವರಿಗೆ ಅಥವಾ ಅವರ ಪರವಾಗಿ ಬಂದವರಿಗೆ ಮಾತ್ರ. ನಿಮಗೆ ಕೊಟ್ಟ ಪತ್ರಗಳ ಸೆಟ್‌ನಲ್ಲಿ ಬದುಕಿರುವವರ ಉಯಿಲಿನ ಜೆರಾಕ್ಸ್ ಸೇರಿಕೊಂಡಿದ್ದರೆ ಓದುತ್ತಾ ಕೂರಬೇಡಿ, ಅವತ್ತೇ ವಾಪಸ್ ಕೊಡಿ. ಮನೆಯ ಮಕ್ಕಳಿಗೇ ಗೊತ್ತಿಲ್ಲದ ವಿಷಯ ಅದರಲ್ಲಿರಬಹುದು.

ಹಾಗಾದರೆ ಕ್ರಯಪತ್ರದ ಬಗ್ಗೆ ಯಾಕೆ ಹೆದರಬೇಕು? 2023ರಲ್ಲಿ ಬೆಂಗಳೂರಿನಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಬ್ಯಾಂಕ್ ಖಾತೆಯಿಂದ ಹಣ ಹೋಯಿತು. ಒಟಿಪಿ ಬಂದಿರಲಿಲ್ಲ, ಅವರು ಯಾರಿಗೂ ಏನೂ ಹೇಳಿರಲೂ ಇಲ್ಲ. ಆಧಾರ್ ಮೂಲಕ ಹಣ ತೆಗೆಯುವ ಎಇಪಿಎಸ್ ವ್ಯವಸ್ಥೆಗೆ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಸಾಕು. ನೋಂದಣಿ ಪತ್ರಗಳ ನಕಲಿನಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಯನ್ನೇ ವಂಚಕರು ಬಳಸಿದ್ದಾರೆ ಎಂಬ ಶಂಕೆಯ ಮೇಲೆ ಪೊಲೀಸರು ತನಿಖೆ ಮಾಡಿದರು.

ನನಗೆ ಇದರಿಂದ ಅರ್ಥವಾದದ್ದು ಇಷ್ಟು. ಒಂದೊಂದೇ ಹಾಳೆಯಿಂದ ಅಪಾಯ ಕಡಿಮೆ. ಕ್ರಯಪತ್ರ, ಆಧಾರ್, ಪ್ಯಾನ್, ಸಹಿ, ಫೋಟೋ ಎಲ್ಲವೂ ಒಂದೇ ಪಿಡಿಎಫ್‌ನಲ್ಲಿ ಸೇರಿದಾಗ ಒಬ್ಬ ಮನುಷ್ಯನ ಪೂರ್ತಿ ಗುರುತು ಬೇರೆಯವರ ಕೈಗೆ ಹೋದ ಹಾಗೆ. ನಾವು ದಿನಾ ಮಾಡುವ 'ಸೆಟ್' ಅಂದರೆ ಅದೇ ಅಲ್ವಾ? ಮಾಲೀಕರು ದುಬೈನಲ್ಲೋ ಅಮೆರಿಕದಲ್ಲೋ ಇದ್ದು ಸೈಟು ಖಾಲಿ ಬಿದ್ದಿದ್ದರೆ ಇನ್ನೂ ಕಷ್ಟ. ಆ ಸೆಟ್ ಸಿಕ್ಕವರು ಬೇರೊಬ್ಬರನ್ನು ಮಾಲೀಕರ ಜಾಗದಲ್ಲಿ ನಿಲ್ಲಿಸಲು ನೋಡಬಹುದು.

ಸೆಟ್ ಹೇಗೆ ಊರೆಲ್ಲ ಸುತ್ತುತ್ತದೆ?

ನನ್ನದೇ ಅನುಭವ ಹೇಳುತ್ತೇನೆ. ಮೊದಲ ವರ್ಷ ಒಬ್ಬ ಹಿರಿಯರ ಸೈಟು ಮಾರಿಸಿಕೊಡಲು ಒಪ್ಪಿಕೊಂಡಿದ್ದೆ. ಪೂರ್ತಿ ಸೆಟ್ ಸ್ಕ್ಯಾನ್ ಮಾಡಿ ಇನ್ನೊಬ್ಬ ಏಜೆಂಟ್ ಗೆಳೆಯನಿಗೆ ವಾಟ್ಸಾಪ್‌ನಲ್ಲಿ ಕಳಿಸಿದೆ. ಮೂರು ವಾರದ ಮೇಲೆ, ನನಗೆ ಪರಿಚಯವೇ ಇಲ್ಲದ ಏಜೆಂಟ್ ಒಬ್ಬರು ನನಗೇ ಅದೇ ಪಿಡಿಎಫ್ ಕಳಿಸಿದರು. "ಡೈರೆಕ್ಟ್ ಓನರ್ ಸರ್, ಪಾರ್ಟಿ ಇದ್ರೆ ಹೇಳಿ" ಎಂದು ಕೆಳಗೆ ಬರೆದಿತ್ತು. ಅದು ಎಷ್ಟು ಫೋನು ದಾಟಿ ಬಂದಿತ್ತೋ. ತೆರೆದು ನೋಡಿದೆ. ಆ ಹಿರಿಯರ ಪ್ಯಾನ್, ಆಧಾರ್, ಹೆಬ್ಬೆಟ್ಟು, ಸಹಿ ಎಲ್ಲ ಹಾಗೇ ಇತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಯಾಕೆ ಹೀಗೆ ಮಾಡುತ್ತೇವೆ ಎಂದು ಆಮೇಲೆ ಜಾಸ್ತಿ ಯೋಚಿಸಿದೆ. ಸೋಮಾರಿತನ ಒಂದು ಕಾರಣ. ಅದಕ್ಕಿಂತ ದೊಡ್ಡದು ಕಮಿಷನ್ ಭಯ. ನಮ್ಮನ್ನು ಬಿಟ್ಟು ಮಾಲೀಕರೂ ಕೊಳ್ಳುವವರೂ ಅವರವರೇ ಮಾತಾಡಿಕೊಂಡರೆ? ಆ ಭಯಕ್ಕೇ ಪತ್ರಗಳೆಲ್ಲ ನಮ್ಮ ಕೈ ಮೂಲಕವೇ ಹೋಗಲಿ ಎನ್ನುತ್ತೇವೆ. ಕೆಲವರು ಅಸಲು ಪತ್ರವನ್ನೇ ತಂದು ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ. ಇದು ತಪ್ಪು ದಾರಿ. ಕಮಿಷನ್‌ಗೆ ಬೇಕಾದ್ದು ಮೊದಲೇ ಬರೆದು ಸಹಿ ಹಾಕಿಸಿಕೊಂಡ ಒಪ್ಪಂದ. ಎಷ್ಟು ಪರ್ಸೆಂಟ್, ಯಾವಾಗ ಕೊಡಬೇಕು, ಎಷ್ಟು ತಿಂಗಳು ಜಾರಿ ಎಂದು ಒಂದು ಪುಟದಲ್ಲಿ ಬರೆಸಿ. ಅದು ಕೈಯಲ್ಲಿದ್ದರೆ ಮಾಲೀಕರ ಲಾಯರ್ ನೇರವಾಗಿ ಕೊಳ್ಳುವವರ ಲಾಯರ್‌ಗೆ ಪತ್ರ ಕೊಟ್ಟರೂ ನಿಮ್ಮ ಎದೆ ಹೊಡೆದುಕೊಳ್ಳುವುದಿಲ್ಲ.

ಯಾವಾಗ ಯಾವ ಪತ್ರ?

ಸೈಟು ತೋರಿಸುವ ಹಂತದಲ್ಲಿ ಒಂದೂ ಬೇಡ. ಅಳತೆ, ದಿಕ್ಕು, ಖಾತಾ ಯಾವ ಬಗೆಯದ್ದು, ಇಸಿ ಯಾವ ತಾರೀಖಿನವರೆಗೆ ನೋಡಿದ್ದೀರಿ, ಬೆಲೆ. ಇಷ್ಟನ್ನು ನೀವೇ ಟೈಪ್ ಮಾಡಿ ಕಳಿಸಿ. ಬೇರೆ ಏಜೆಂಟರಿಗೂ ಇದಕ್ಕಿಂತ ಜಾಸ್ತಿ ಬೇಕಾಗಿಲ್ಲ. ಕೊಳ್ಳುವವರು ಆಸಕ್ತಿ ತೋರಿಸಿದರೆ ಮಾಲೀಕರ ಮನೆಯಲ್ಲೇ ಪತ್ರ ತೋರಿಸಿ. ಲಾಯರ್ ನೋಡುವಾಗ ಮದರ್ ಡೀಡ್ (ಆಸ್ತಿಯ ಹಿಂದಿನ ಮೂಲ ಪತ್ರ), ಕ್ರಯಪತ್ರ, ಖಾತಾ, ಕಂದಾಯ ರಸೀದಿ, ಹೊಲವಾಗಿದ್ದರೆ ಪಹಣಿ ಬೇಕು. ಆಗಲೂ ಆಧಾರ್ ಬೇಡ. ಪ್ಯಾನ್ ಬೇಕಾಗುವುದು ಬೆಲೆ ಕುದುರಿದ ಮೇಲೆ. 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯ ಆಸ್ತಿಗೆ ಕೊಳ್ಳುವವರು ಕೊಡುವ ಹಣದಲ್ಲೇ 1% ಆದಾಯ ತೆರಿಗೆ ಹಿಡಿದು (ಟಿಡಿಎಸ್) ಕಟ್ಟಬೇಕು. ಅದಕ್ಕೆ ಮಾರುವವರ ಪ್ಯಾನ್ ಬೇಕು. ಅದನ್ನು ಅವರೇ ಒಬ್ಬರಿಗೊಬ್ಬರು ಕೊಟ್ಟುಕೊಳ್ಳಲಿ.

ಆಧಾರ್ ಕೊಡಲೇಬೇಕಾದ ಕಡೆ ಮಾಸ್ಕ್ ಆದ ಪ್ರತಿ ನಡೆಯುತ್ತದಾ ಎಂದು ಮೊದಲು ಕೇಳಿ. ಆಧಾರ್ ಕೊಡುವ ಸಂಸ್ಥೆ ಯುಐಡಿಎಐ ಜಾಲತಾಣದಲ್ಲಿ ಅದು ಸಿಗುತ್ತದೆ. ಮೊದಲ 8 ಅಂಕಿ ಮರೆಯಾಗಿ ಕೊನೆಯ 4 ಮಾತ್ರ ಕಾಣುತ್ತವೆ. ಬಾಡಿಗೆ ಕರಾರಿಗೆ ಬಾಡಿಗೆದಾರರಿಂದ ನಾನು ಇದನ್ನೇ ಕೇಳುತ್ತೇನೆ. ಜೆರಾಕ್ಸ್ ಕೊಡುವುದಾದರೆ ಅದರ ಮೇಲೆ ಅಡ್ಡಲಾಗಿ ತಾರೀಖು, ಯಾರಿಗೆ, ಯಾವ ಕೆಲಸಕ್ಕೆ ಎಂದು ಬರೆಸಿ ಸಹಿ ಹಾಕಿಸಿ. ಆ ಪ್ರತಿಯನ್ನು ಬೇರೆ ಕೆಲಸಕ್ಕೆ ಬಳಸುವುದು ಕಷ್ಟವಾಗುತ್ತದೆ.

ಅಸಲು ಪತ್ರ ಒಂದು ರಾತ್ರಿಯೂ ನಿಮ್ಮ ಬಳಿ ಬೇಡ. ಬ್ಯಾಂಕಿನವರು ಅಸಲು ನೋಡಬೇಕೆಂದರೆ ಮಾಲೀಕರನ್ನೇ ಕರೆದುಕೊಂಡು ಹೋಗಿ. ಕಳೆದುಹೋದರೆ ಪೊಲೀಸ್ ದೂರು, ಪತ್ರಿಕೆಯಲ್ಲಿ ಪ್ರಕಟಣೆ, ದೃಢೀಕೃತ ನಕಲು ಎಂದು ಅಲೆಯಬೇಕು. ಅಷ್ಟಾದರೂ ಕೊಳ್ಳುವವರಿಗೆ ಅನುಮಾನ ಉಳಿಯುತ್ತದೆ.

ಇಟ್ಟುಕೊಳ್ಳಬೇಕಾ, ಅಳಿಸಬೇಕಾ?

ಇಲ್ಲಿ ಎರಡು ಕಾಯ್ದೆ ಎರಡು ಕಡೆ ಎಳೆಯುವ ಹಾಗೆ ಕಾಣುತ್ತದೆ. 2016ರ ರೆರಾ ಕಾಯ್ದೆಯ 10ನೇ ಕಲಂ ಏಜೆಂಟರು ಲೆಕ್ಕಪತ್ರ, ದಾಖಲೆಗಳನ್ನು ಕಾಪಾಡಿ ಇಡಬೇಕು ಎನ್ನುತ್ತದೆ. ತಪ್ಪಿದರೆ 62ನೇ ಕಲಂ ಪ್ರಕಾರ ದಿನಕ್ಕೆ 10,000 ರೂಪಾಯಿ ದಂಡ, ಒಟ್ಟು ಆಸ್ತಿ ಬೆಲೆಯ 5%ವರೆಗೆ ಹೋಗಬಹುದು. ಇದು ರೆರಾ ನೋಂದಣಿಯ ಪ್ರಾಜೆಕ್ಟ್‌ಗಳ ವ್ಯವಹಾರಕ್ಕೆ. ವರ್ಷಕ್ಕೆ 20 ಲಕ್ಷ ಅಥವಾ ಜಾಸ್ತಿ ವಹಿವಾಟು ಇರುವ ಏಜೆಂಟರನ್ನು 2020ರ ಡಿಸೆಂಬರ್‌ನಲ್ಲಿ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಕೆಳಗೂ ತಂದರು. ಅವರು ಗ್ರಾಹಕರ ಗುರುತಿನ ದಾಖಲೆಯನ್ನು 5 ವರ್ಷ ಇಡಬೇಕು.

ಇನ್ನೊಂದು ಕಡೆ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ. ಕೆಲಸ ಮುಗಿದ ಮೇಲೆ ಮಾಹಿತಿ ಅಳಿಸಿ ಎನ್ನುತ್ತದೆ. ಆದರೆ ಬೇರೆ ಕಾನೂನು ಇಡಬೇಕು ಎಂದಿದ್ದರೆ ಇಡಬಹುದು ಎಂದೂ ಅಲ್ಲೇ ಇದೆ. ಹಾಗಾಗಿ ಗೊಂದಲ ಬೇಡ. ಕಾನೂನು ಕೇಳಿದ್ದು ಬೀಗ ಹಾಕಿದ ಒಂದೇ ಕಡೆ ಇರಲಿ, ಉಳಿದದ್ದು ಹೋಗಲಿ. ಈ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳ ನಂತರ ಜಾರಿ. ಸರಿಯಾದ ಭದ್ರತೆ ಇಡದಿದ್ದರೆ ದಂಡದ ಗರಿಷ್ಠ ಮಿತಿ 250 ಕೋಟಿ. ನಮ್ಮಂಥವರಿಗೆ ಅಷ್ಟು ಹಾಕುತ್ತಾರೆ ಎಂದಲ್ಲ. ಒಬ್ಬರೇ ವ್ಯವಹಾರ ಮಾಡುವವರೂ ಇದರೊಳಗೆ ಬರುತ್ತಾರೆ ಎಂಬುದು ನೆನಪಿರಲಿ.

ಫೋನು

ವಾಟ್ಸಾಪ್‌ನಲ್ಲಿ ಬಂದ ಫೋಟೋ ತಾನಾಗಿ ಗ್ಯಾಲರಿಗೆ ಇಳಿಯುತ್ತದೆ. ಬ್ಯಾಕಪ್ ಆನ್ ಇದ್ದರೆ ಗ್ಯಾಲರಿಯಿಂದ ಕ್ಲೌಡ್‌ಗೆ ಹೋಗುತ್ತದೆ. ಚಾಟ್ ಅಳಿಸಿದರೂ ಅಲ್ಲಿ ಉಳಿದಿರಬಹುದು. ಆಟೋ ಡೌನ್‌ಲೋಡ್ ನಿಲ್ಲಿಸಿ. ಡ್ರೈವ್‌ನಲ್ಲಿ ಹಂಚುವಾಗ 'ಲಿಂಕ್ ಇರುವ ಯಾರು ಬೇಕಾದರೂ' ಎಂಬುದನ್ನು ಬಿಟ್ಟು ಆ ಒಬ್ಬರ ಇಮೇಲ್ ಹಾಕಿ, ಕೆಲಸ ಮುಗಿದ ದಿನ ತೆಗೆದುಬಿಡಿ. ಪಿಡಿಎಫ್‌ಗೆ ಪಾಸ್‌ವರ್ಡ್ ಹಾಕಿ, ಪಾಸ್‌ವರ್ಡ್ ಮಾತ್ರ ಫೋನ್ ಮಾಡಿ ಹೇಳಿ. ಜೆರಾಕ್ಸ್ ಅಂಗಡಿಯ ನಂಬರಿಗೆ ಪತ್ರ ಕಳಿಸುವ ಅಭ್ಯಾಸ ಬಿಡಿ. ಆ ಕಂಪ್ಯೂಟರಿನ ಡೌನ್‌ಲೋಡ್ಸ್ ತೆರೆದರೆ ಎಷ್ಟು ಜನರ ಪ್ಯಾನ್ ಕಾಣುತ್ತದೆ ನೋಡಿ. ಒಂದು ಸಾಧಾರಣ ಪ್ರಿಂಟರ್ ಕೊಂಡರೆ ಈ ತಲೆನೋವು ಹೋಗುತ್ತದೆ.

ಸೋರಿಹೋದರೆ?

ಪತ್ರ ಕೊಟ್ಟ ಪಾರ್ಟಿಗೆ ಅವತ್ತೇ ಹೇಳಿ. ನಾನು ಮಾರನೇ ಬೆಳಗ್ಗೆ ಆ ಹಿರಿಯರ ಮನೆಗೆ ಹೋದೆ. ಬಾಯಿ ಒಣಗಿತ್ತು. "ಅಂಕಲ್, ನನ್ನಿಂದ ತಪ್ಪಾಗಿದೆ" ಎಂದು ಫೋನ್ ತೋರಿಸಿದೆ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕನ್ನಡಕ ಹಾಕಿಕೊಂಡು, "ಈಗ ಏನು ಮಾಡ್ಬೇಕು ಹೇಳಪ್ಪ" ಎಂದರು. ಇಬ್ಬರೂ ಕೂತು, ಅವರ ಬೆರಳಚ್ಚನ್ನು ಬೇರೆಯವರು ಬಳಸದ ಹಾಗೆ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿದೆವು. ಬ್ಯಾಂಕಿಗೆ ಹೋಗಿ ಆಧಾರ್ ಮೂಲಕ ಹಣ ತೆಗೆಯುವುದನ್ನು ನಿಲ್ಲಿಸಲು ಬರೆದುಕೊಟ್ಟೆವು. ಹಣ ಹೋದರೆ ತಡಮಾಡದೆ ಕರೆಯಲು ಸೈಬರ್ ಸಹಾಯವಾಣಿ 1930 ಅನ್ನು ಅವರ ಮನೆಯ ಕ್ಯಾಲೆಂಡರ್ ಮೇಲೆ ದೊಡ್ಡದಾಗಿ ಬರೆದು ಬಂದೆ. ನಾಲ್ಕು ತಿಂಗಳ ಮೇಲೆ ಆ ಸೈಟು ನನ್ನ ಮೂಲಕವೇ ಮಾರಾಟವಾಯಿತು. ಆ ಸಲ ಪತ್ರಗಳು ಅವರ ಕೈಯಿಂದ ನೇರವಾಗಿ ಲಾಯರ್ ಕೈಗೆ ಹೋದವು.