ಹರಳಿನೊಳಗೆ ತಾನೇ ಹುಟ್ಟುವ ಮಸೂರ

ಲೇಸರ್ ಬೆಳಕನ್ನು ವರ್ಧಿಸುವ ಹರಳಿಗೆ ಉಣಿಸಿದ ಶಕ್ತಿಯೆಲ್ಲ ಲೇಸರ್ ಆಗಿ ಹೊರಬರುವುದಿಲ್ಲ. ಒಂದು ಪಾಲು ಬಿಸಿಯಾಗಿ ಹರಳಿನಲ್ಲೇ ಉಳಿಯುತ್ತದೆ. ನಿಯೋಡಿಮಿಯಂ ಬೆರೆಸಿದ ಯಾಗ್ (ಯಿಟ್ರಿಯಂ ಅಲ್ಯೂಮಿನಿಯಂ ಗಾರ್ನೆಟ್) ಹರಳನ್ನೇ ತೆಗೆದುಕೊಳ್ಳಿ. ಡಯೋಡ್‌ಗಳಿಂದ ಅದಕ್ಕೆ ಉಣಿಸುವ ಬೆಳಕಿನ ತರಂಗಾಂತರ 808 ನ್ಯಾನೋಮೀಟರ್, ಅದು ಹೊರಗೆ ಕೊಡುವುದು 1064. ತರಂಗಾಂತರ ಹೆಚ್ಚಿದಷ್ಟೂ ಒಂದೊಂದು ಫೋಟಾನಿನ ಶಕ್ತಿ ಕಡಿಮೆ. ಹೀಗಾಗಿ ಎಲ್ಲವೂ ಸುಸೂತ್ರವಾಗಿ ನಡೆದರೂ ಶೇಕಡಾ 24ರಷ್ಟು ಹರಳಿನ ಪಾಲು. ಮುಂಬೈಯ ಕೊಲಾಬಾದಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ 100 ಟೆರಾವ್ಯಾಟ್ ಲೇಸರ್ ಟೈಟಾನಿಯಂ ಬೆರೆಸಿದ ನೀಲಮಣಿಯದು. ಇಂಥ ಹರಳಿಗೆ ಸಾಮಾನ್ಯವಾಗಿ 532ರ ಹಸಿರು ಬೆಳಕು ಉಣಿಸಿ 800ರ ಆಸುಪಾಸಿನದನ್ನು ಪಡೆಯುತ್ತಾರೆ. ಅಲ್ಲಿ ಮೂರನೇ ಒಂದು ಪಾಲು ಬಿಸಿಗೆ ಹೋಯಿತು.

ಬಿಸಿಯಾದರೆ ನೀರು ಹಾಯಿಸಿ ತಣ್ಣಗೆ ಮಾಡಿದರಾಯಿತಲ್ಲ ಎನಿಸಬಹುದು. ತೊಂದರೆ ಶುರುವಾಗುವುದೇ ಅಲ್ಲಿಂದ. ಕಡ್ಡಿಯಾಕಾರದ ಹರಳಿನ ಒಳಗೆಲ್ಲ ಬಿಸಿ ಹುಟ್ಟುತ್ತದೆ, ನೀರು ತಾಗುವುದು ಹೊರಮೈಗೆ ಮಾತ್ರ. ಆದ್ದರಿಂದ ನಡುಭಾಗ ಬಿಸಿ, ಅಂಚು ತಂಪು. ಇಡೀ ಹರಳು ಒಂದೇ ಸಮನೆ ಇಪ್ಪತ್ತು ಡಿಗ್ರಿ ಕಾದಿದ್ದರೆ ಕಿರಣದ ಆಕಾರ ಹೆಚ್ಚುಕಡಿಮೆ ಹಾಗೇ ಉಳಿಯುತ್ತಿತ್ತು. ಅದನ್ನು ಕೆಡಿಸುವುದು ಈ ಏರುಪೇರು.

ಏಪ್ರಿಲ್ ಮಧ್ಯಾಹ್ನ ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಮುಂದೆ ನೀರು ನಿಂತಂತೆ ಕಾಣುವ ಬಿಸಿಲ್ಗುದುರೆಯ ಹಿಂದಿರುವುದೂ ಇದೇ ಭೌತಶಾಸ್ತ್ರ. ಗಾಳಿಯ ಪದರಗಳ ಬಿಸಿ ಬೇರೆಬೇರೆ ಇರುವುದರಿಂದ ಬೆಳಕು ಬಾಗುತ್ತದೆ. ವ್ಯತ್ಯಾಸವಿಷ್ಟೆ: ಕಾದ ಗಾಳಿಯ ವಕ್ರೀಭವನಾಂಕ (ಬೆಳಕನ್ನು ಎಷ್ಟು ನಿಧಾನಿಸುತ್ತದೆ ಎಂಬ ಅಳತೆ) ಇಳಿಯುತ್ತದೆ, ಕಾದ ಯಾಗ್ ಹರಳಿನದು ಏರುತ್ತದೆ. ಏರಿಕೆ ಡಿಗ್ರಿಗೆ ಹತ್ತು ಲಕ್ಷದಲ್ಲಿ ಏಳೆಂಟು ಭಾಗ ಮಾತ್ರ, ಆದರೆ ಅಷ್ಟೇ ಸಾಕು. ನಡುವೆ ಹಾಯುವ ಬೆಳಕು ನಿಧಾನವಾಗುತ್ತದೆ, ಅಂಚಿನದು ಮುಂದೆ ಹೋಗುತ್ತದೆ. ಎರಡೂ ತುದಿ ಚಪ್ಪಟೆಯಾಗಿರುವ ಕಡ್ಡಿ ಪೀನ ಮಸೂರದಂತೆ ನಡೆದುಕೊಳ್ಳತೊಡಗುತ್ತದೆ.

ಎಷ್ಟು ಬಲದ ಮಸೂರ? 5 ಮಿಲಿಮೀಟರ್ ದಪ್ಪ, 10 ಸೆಂಟಿಮೀಟರ್ ಉದ್ದದ ಯಾಗ್ ಕಡ್ಡಿಯಲ್ಲಿ 200 ವ್ಯಾಟ್ ಬಿಸಿ ಸಮನಾಗಿ ಹುಟ್ಟುತ್ತಿದೆ ಎಂದಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ ನಡುವಿಗೂ ಅಂಚಿಗೂ ಸುಮಾರು 16 ಡಿಗ್ರಿ ಅಂತರ, ಮಸೂರದ ಸಂಗಮ ದೂರ ಹೆಚ್ಚುಕಡಿಮೆ ಕಾಲು ಮೀಟರ್. ನನಗೆ ಸೋಜಿಗವೆನಿಸುವುದು ಆ 16 ಡಿಗ್ರಿ. ಕಡ್ಡಿ ಎಷ್ಟೇ ದಪ್ಪವಿರಲಿ, ಎಷ್ಟೇ ತೆಳ್ಳಗಿರಲಿ, ಅದು ಬದಲಾಗುವುದಿಲ್ಲ! ಒಂದೊಂದು ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ಬಿಸಿ ಹುಟ್ಟುತ್ತದೆ, ಹರಳು ಅದನ್ನು ಎಷ್ಟು ಚೆನ್ನಾಗಿ ಸಾಗಿಸುತ್ತದೆ, ಇವೆರಡೇ ಮುಖ್ಯ. ಎದುರಿಗೊಂದು ನಿಮ್ನ ಮಸೂರ ಇಟ್ಟು ಸರಿದೂಗಿಸಬಹುದು, ನಿಜ. ಆದರೆ ಅದು ಒಂದು ಶಕ್ತಿಮಟ್ಟಕ್ಕೆ ಮಾತ್ರ ಹೊಂದುತ್ತದೆ. ಲೇಸರ್‌ನ ಬಲ ಏರಿಸಿದರೆ ಹರಳಿನೊಳಗಿನ ಮಸೂರವೂ ಬಲಗೊಳ್ಳುತ್ತದೆ.

ಇದಕ್ಕಿಂತ ಹಟಮಾರಿಯಾದದ್ದು ಒತ್ತಡ. ಕಾದ ನಡುಭಾಗ ಹಿಗ್ಗಲು ನೋಡುತ್ತದೆ, ತಂಪು ಅಂಚು ಬಿಡುವುದಿಲ್ಲ. ಈ ಎಳೆದಾಟದಲ್ಲಿ ಹರಳಿನ ಗುಣವೇ ದಿಕ್ಕಿಗೊಂದರಂತೆ ಆಗಿ, ಕಿರಣದ ಧ್ರುವೀಕರಣ, ಅಂದರೆ ಬೆಳಕಿನ ಅಲೆ ಕಂಪಿಸುವ ದಿಕ್ಕು, ಜಾಗಜಾಗಕ್ಕೆ ಬೇರೆಯಾಗುತ್ತದೆ. ಒಂದೇ ಬಗೆಯ ಎರಡು ಕಡ್ಡಿಗಳ ನಡುವೆ ಧ್ರುವೀಕರಣವನ್ನು 90 ಡಿಗ್ರಿ ತಿರುಗಿಸುವ ತುಂಡೊಂದನ್ನಿಟ್ಟು, ಮೊದಲನೆಯದು ಕೆಡಿಸಿದ್ದನ್ನು ಎರಡನೆಯದರಿಂದ ಬಹುಪಾಲು ಸರಿಪಡಿಸುತ್ತಾರೆ. ಒತ್ತಡ ಮಿತಿ ಮೀರಿದರೆ ಮಾತ್ರ ಉಪಾಯವಿಲ್ಲ: ಎಳೆತಕ್ಕೆ ಸಿಕ್ಕಿದ ಹೊರಮೈಯಿಂದ ಬಿರುಕು ಶುರುವಾಗಿ ಹರಳು ಒಡೆಯುತ್ತದೆ.

ಇದೆಲ್ಲ ಪ್ರಯೋಗಾಲಯದ ಮಾತು ಎಂದುಕೊಳ್ಳಬೇಡಿ. ಪುಣೆಯ ಭೋಸರಿಯಲ್ಲಿ ಫೈಬರ್ (ಗಾಜಿನ ತೆಳು ಎಳೆ) ಲೇಸರ್ ಕಟಿಂಗ್ ಯಂತ್ರ ನಡೆಸುವ ವಿಜಯಪುರ ಕಡೆಯ ಆಪರೇಟರ್ ಒಬ್ಬರು ನನಗೆ ಹೇಳಿದ್ದು ಹೀಗೆ: "ಮುಂಜಾನಿ ಚಲೋ ಕಟ್ ಮಾಡ್ತದ್ರೀ. ತಾಸ್ ಎರಡ್ ತಾಸ್ ಆದ ಮ್ಯಾಲ ಪ್ಲೇಟಿನ ಕೆಳಗ ಬರ್ ಏಳಾಕ ಹತ್ತತದ. ಗ್ಲಾಸ್ ಬದಲಿ ಮಾಡಿದ್ರ ಮತ್ತ ಸರಿ." ಬರ್ ಎಂದರೆ ಕತ್ತರಿಸಿದ ಅಂಚಿನಲ್ಲಿ ಉಳಿಯುವ ಲೋಹದ ಮುಳ್ಳು. ಅವರು ಹೇಳಿದ ಗ್ಲಾಸ್, ಕಟಿಂಗ್ ಹೆಡ್‌ನ ತಳದಲ್ಲಿರುವ ರಕ್ಷಣೆಯ ಗಾಜು. ಅದರ ಮೇಲೆ ಧೂಳು, ಲೋಹದ ಸಿಡಿ ಕೂತರೆ ಬೆಳಕು ಹೀರಿಕೊಂಡು ಕಾಯುತ್ತದೆ, ಮಸೂರವಾಗುತ್ತದೆ, ಫೋಕಸ್ ಮೇಲಕ್ಕೆ ಸರಿಯುತ್ತದೆ. ಕಣ್ಣಳತೆಯಲ್ಲೇ ಅವರು ಕಾಯಿಲೆಯನ್ನೂ ಮದ್ದನ್ನೂ ಕಂಡುಕೊಂಡಿದ್ದರು, ನನಗೆ ಬಹಳ ಮೆಚ್ಚಿಗೆಯಾಯಿತು.

ಬಿಸಿಯನ್ನು ಇಲ್ಲವಾಗಿಸಲು ಆಗದಿದ್ದ ಮೇಲೆ ಅದು ಹರಿಯುವ ದಿಕ್ಕನ್ನಾದರೂ ಬದಲಿಸಬೇಕು. 1990ರ ದಶಕದ ಆರಂಭದಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಅಡಾಲ್ಫ್ ಗೀಸನ್ ಮತ್ತು ಸಂಗಡಿಗರು ಮಾಡಿದ್ದು ಅದನ್ನೇ. ಕಡ್ಡಿಯ ಬದಲು ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟು ತೆಳ್ಳಗಿನ ಬಿಲ್ಲೆ, ಅದರ ಬೆನ್ನಿಗೆ ಕನ್ನಡಿ, ಕನ್ನಡಿಯ ಹಿಂದೆ ತಂಪು ಲೋಹ. ಇಲ್ಲಿ ಬಿಸಿ ಹರಿಯುವುದು ಕಿರಣ ಸಾಗುವ ಜಾಡಿನಲ್ಲೇ. ಹಾಗಾಗಿ ನಡುವಿನ ಬೆಳಕಿಗೂ ಅಂಚಿನದಕ್ಕೂ ಬಹುತೇಕ ಒಂದೇ ಅನುಭವ. ಬಿಲ್ಲೆ ತೆಳುವಾದ್ದರಿಂದ ಉಣಿಸುವ ಬೆಳಕನ್ನು ಮತ್ತೆಮತ್ತೆ ಹಾಯಿಸಬೇಕು, ಅದೊಂದೇ ತಾಪತ್ರಯ. ಫೈಬರ್ ಹಿಡಿದದ್ದು ಇನ್ನೊಂದು ದಾರಿ: ಅದೇ ಬಿಸಿಯನ್ನು ಹತ್ತಾರು ಮೀಟರ್ ಉದ್ದಕ್ಕೆ ಹರಡುವುದು. ಆದರೂ 2010ರ ಆಸುಪಾಸಿನಲ್ಲಿ ಬಲವಾದ ಫೈಬರ್ ವರ್ಧಕಗಳಲ್ಲಿ ಒಂದು ಮಿತಿ ದಾಟಿದೊಡನೆ ಕಿರಣದ ಆಕಾರ ಮಿಲಿಸೆಕೆಂಡುಗಳಲ್ಲಿ ಅತ್ತಿತ್ತ ಹೊಯ್ದಾಡುವುದು ಕಂಡುಬಂತು. ಹುಡುಕಿದರೆ ಅಲ್ಲೂ ಕಾರಣ ಬಿಸಿಯೇ.

ಹರಳಿನ ಬದಲು ಬಳಸುವ ಗಾಜಿನ ಹಲಗೆಗಳ ಪಾಡು ಇನ್ನೂ ಕಷ್ಟ. ಫಾಸ್ಫೇಟ್ ಗಾಜು ಬಿಸಿ ಸಾಗಿಸುವುದು ಯಾಗ್‌ನ ಇಪ್ಪತ್ತನೇ ಒಂದು ಭಾಗದಷ್ಟು. ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನಲ್ಲಿರುವ 192 ಕಿರಣಗಳ ದೈತ್ಯ ಲೇಸರ್ ಒಮ್ಮೆ ಸಿಡಿದ ಮೇಲೆ ಗಾಜಿನ ಹಲಗೆಗಳು ತಣಿಯಲು ಗಂಟೆಗಟ್ಟಲೆ ಕಾಯಬೇಕು. ನೀಲಮಣಿ ಅದೃಷ್ಟವಂತ. ದ್ರವ ಸಾರಜನಕದ ತಂಪಿಗಿಳಿಸಿದರೆ ಅದು ಬಿಸಿ ಸಾಗಿಸುವ ಬಲ ಹತ್ತಾರು ಪಟ್ಟು ಏರುತ್ತದೆ.

ಏರುಪೇರು ನೀಗಲು ತಂಪೇ ಬೇಕೆಂದೂ ಇಲ್ಲ. ಪುಣೆಯ ಖಗೋಳ ಸಂಶೋಧನಾ ಕೇಂದ್ರ ಅಯೂಕಾ ಪಾಲ್ಗೊಂಡಿರುವ, ಗುರುತ್ವದ ಅಲೆಗಳನ್ನು ಲೇಸರ್‌ನಿಂದ ಪತ್ತೆಹಚ್ಚುವ ಲೈಗೋ-ಇಂಡಿಯಾ ಯೋಜನೆಗೆ 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿತು. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಅದು ತಲೆಯೆತ್ತಲಿದೆ. ಅಮೆರಿಕದ ಲೈಗೋದ 4 ಕಿಲೋಮೀಟರ್ ತೋಳುಗಳಲ್ಲಿ ಓಡಾಡುವ ಬೆಳಕಿನ ಬಲ ಲಕ್ಷ ವ್ಯಾಟ್‌ಗಳ ಲೆಕ್ಕದ್ದು. ಅಲ್ಲಿನ 40 ಕಿಲೋ ತೂಕದ ಸಿಲಿಕಾ ಕನ್ನಡಿಗಳು ಅದರಲ್ಲಿ ಹತ್ತು ಲಕ್ಷದ ಒಂದು ಭಾಗವನ್ನೂ ಹೀರುವುದಿಲ್ಲ. ಆದರೂ ನಡುಭಾಗ ಕಾದು ಮಸೂರ ಹುಟ್ಟುತ್ತದೆ. ಅದಕ್ಕೆಂದೇ ಕನ್ನಡಿಯ ಸುತ್ತ ಬಳೆಯಾಕಾರದ ಹೀಟರ್ ಇಟ್ಟು ಅಂಚನ್ನೂ ಬೇಕೆಂದೇ ಬಿಸಿ ಮಾಡುತ್ತಾರೆ.