ಪ್ಲೇಟ್‌ಲೆಟ್ ಎಣಿಕೆ ಸರಿ ಇದ್ದರೂ ರಕ್ತ ನಿಲ್ಲದಿದ್ದಾಗ

ಮೈಸೂರಿನ ನಮ್ಮ ರಕ್ತರೋಗ ಓಪಿಡಿಗೆ ಮಂಡ್ಯ, ಮದ್ದೂರು ಕಡೆಯಿಂದ ಬರುವ ಕೆಲವು ತಾಯಂದಿರ ಪ್ರಶ್ನೆ ಇದು: "ಡಾಕ್ಟ್ರೇ, ಪ್ಲೇಟ್‌ಲೆಟ್ ಎರಡೂವರೆ ಲಕ್ಷ ಇದೆ. ಮತ್ತೆ ಮಗೂಗೆ ಮೂಗಿನ ರಕ್ತ ಯಾಕೆ ನಿಲ್ತಿಲ್ಲ?" ಡೆಂಗಿಯ ದೆಸೆಯಿಂದ ಎಲ್ಲರೂ ಎಣಿಕೆಯನ್ನಷ್ಟೇ ನೋಡುತ್ತಾರೆ. ಆದರೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳಬೇಕು ಅಲ್ವಾ?

ಆ ಕೆಲಸ ಪ್ಲೇಟ್‌ಲೆಟ್ ಹೊರಮೈಯ ಇಂಟೆಗ್ರಿನ್ ಎಂಬ ಗ್ರಾಹಕ ಪ್ರೋಟೀನಿನದ್ದು (ರಿಸೆಪ್ಟರ್). ಒಂದೊಂದು ಪ್ಲೇಟ್‌ಲೆಟ್ ಮೇಲೂ ಸುಮಾರು 80,000 ಇರುತ್ತವೆ. ರಕ್ತದಲ್ಲಿರುವ ಫೈಬ್ರಿನೋಜೆನ್ ಎಂಬ ಪ್ರೋಟೀನ್ ಹಿಡಿದು ಪಕ್ಕದ ಪ್ಲೇಟ್‌ಲೆಟ್‌ಗೆ ಸೇರಿಸುತ್ತವೆ. ಇವೆಲ್ಲ ಸದಾ ತೆರೆದಿದ್ದರೆ ರಕ್ತನಾಳದಲ್ಲೇ ರಕ್ತ ಹೆಪ್ಪುಗಟ್ಟುತ್ತದೆ. ಹಾಗಾಗಿ ಇವು ಬಟನ್ ಕೊಡೆಯ ಹಾಗೆ ಮಡಚಿಕೊಂಡೇ ಇರುತ್ತವೆ. ಬಟನ್ ಇರುವುದು ಕಣದ ಒಳಗೆ.

ಗ್ರಾಹಕದ ಎರಡು ಎಳೆಗಳಲ್ಲಿ ಒಂದಾದ ಬೀಟಾ ಎಳೆಯ ಚಿಕ್ಕ ಬಾಲವೊಂದು ಒಳಗೆ ಚಾಚಿರುತ್ತದೆ. ಅದರಲ್ಲಿ 50ಕ್ಕಿಂತ ಕಡಿಮೆ ಅಮೈನೋ ಆಮ್ಲಗಳಿವೆ. ಗಾಯವಾದಾಗ ಟಾಲಿನ್ ಎಂಬ ಪ್ರೋಟೀನ್ ಅದನ್ನು ಹಿಡಿಯುತ್ತದೆ. ಅದೇ ಬಾಲದ ಇನ್ನೊಂದು ಜಾಗಕ್ಕೆ ಕಿಂಡ್ಲಿನ್ ಎಂಬ ಪ್ರೋಟೀನ್ ಕೂರುತ್ತದೆ. ಆಗ ಹೊರಗಿನ ಭಾಗ ನೆಟ್ಟಗಾಗುತ್ತದೆ. ಟಾಲಿನ್‌ನ ಇನ್ನೊಂದು ತುದಿ ಕಣದ ಒಳಗಿನ ಹಂದರವಾದ ಆಕ್ಟಿನ್ ಎಳೆಗಳನ್ನು ಹಿಡಿದಿರುತ್ತದೆ. ನನಗೆ ಬಹಳ ಇಷ್ಟವಾಗುವುದು ಮುಂದಿನ ಭಾಗ: ಎಳೆತ ಜಾಸ್ತಿಯಾದಂತೆ ಟಾಲಿನ್‌ನ ಮಡಿಕೆಗಳು ಬಿಚ್ಚಿ ಮರೆಯಲ್ಲಿದ್ದ ಜಾಗಗಳು ಹೊರಬರುತ್ತವೆ. ಅಲ್ಲಿಗೆ ವಿಂಕ್ಯುಲಿನ್ ಎಂಬ ಮತ್ತೊಂದು ಪ್ರೋಟೀನ್ ಬಂದು ಹಿಡಿತ ಬಿಗಿ ಮಾಡುತ್ತದೆ. ಎಳೆದಷ್ಟೂ ಗಟ್ಟಿ!

ಗ್ರಾಹಕವೇ ಇಲ್ಲದ ಅಥವಾ ಕೆಟ್ಟಿರುವ ಕಾಯಿಲೆಯನ್ನು ಸ್ವಿಸ್ ಮಕ್ಕಳ ವೈದ್ಯ ಗ್ಲಾಂಜ್‌ಮನ್ 1918ರಲ್ಲೇ ವಿವರಿಸಿದ್ದರು; ಅದಕ್ಕೆ ಅವರದೇ ಹೆಸರು. ಕಿಂಡ್ಲಿನ್-3 (ರಕ್ತಕಣಗಳಲ್ಲಿರುವ ಕಿಂಡ್ಲಿನ್) ಇಲ್ಲದ ಕಾಯಿಲೆ ಇನ್ನೂ ಅಪರೂಪ. ಅದರಲ್ಲಿ ಗ್ರಾಹಕ ಇರುತ್ತದೆ, ತೆರೆಯುವುದಿಲ್ಲ ಅಷ್ಟೇ. ಪ್ಲೇಟ್‌ಲೆಟ್ ಅಂಟಿಸಿ ನೋಡುವ ಪರೀಕ್ಷೆಯಲ್ಲಿ ಎರಡೂ ಒಂದೇ ಥರ ಕಾಣಬಹುದು. ಹಾಗಾಗಿ ಕಣದ ಮೇಲೆ ಗ್ರಾಹಕ ಇದೆಯೇ ಎಂದು ನೋಡುವ ಫ್ಲೋ ಸೈಟೋಮೆಟ್ರಿ ರಿಪೋರ್ಟಿನಲ್ಲಿ ಗ್ರಾಹಕ ಇದೆ ಎಂದು ಬಂದರೂ ನಾನು ಸುಮ್ಮನಾಗುವುದಿಲ್ಲ. ಬಿಳಿ ರಕ್ತಕಣ ವಿಪರೀತ ಏರಿದೆಯಾ, ಮಗುವಿಗೆ ಪದೇ ಪದೇ ಸೋಂಕು ಬರುತ್ತಿದೆಯಾ ಎಂದು ಕೇಳುತ್ತೇನೆ. ಬಿಳಿ ಕಣಗಳೂ ನಾಳದ ಗೋಡೆ ಹಿಡಿದು ಸೋಂಕಿನ ಜಾಗಕ್ಕೆ ಹೋಗಲು ಕಿಂಡ್ಲಿನ್-3 ಬೇಕು. ವ್ಯತ್ಯಾಸ ತಿಳಿದರೆ ದಾರಿಯೂ ಬೇರೆ. ಗ್ಲಾಂಜ್‌ಮನ್ ಕಾಯಿಲೆಯಲ್ಲಿ ಹೆಚ್ಚಿನವರನ್ನು ಟ್ರಾನೆಕ್ಸಾಮಿಕ್ ಆಮ್ಲ (ಹೆಪ್ಪು ಬೇಗ ಕರಗದಂತೆ ತಡೆಯುವ ಔಷಧಿ), ಬೇಕಾದಾಗ ಪ್ಲೇಟ್‌ಲೆಟ್ ಕೊಟ್ಟು ನಿಭಾಯಿಸುತ್ತೇವೆ. ಕಿಂಡ್ಲಿನ್-3 ಕೊರತೆ ತೀವ್ರವಾಗಿದ್ದರೆ ಮೂಳೆಮಜ್ಜೆ ಕಸಿಯ ಮಾತು ಬೇಗ ಎತ್ತಬೇಕು.

ಈ ಎರಡೂ ಕಾಯಿಲೆಗಳು ಅಪ್ಪ, ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಕಾಣಿಸಿಕೊಳ್ಳುತ್ತವೆ. ಅಕ್ಕನ ಮಗಳನ್ನು ತರುವ ರೂಢಿ ನಮ್ಮ ಕಡೆ ಇದೆಯಲ್ಲ, ಅದಕ್ಕೇ ಸಂಬಂಧದಲ್ಲಿ ಮದುವೆಯೇ ಎಂದು ಮೊದಲು ಕೇಳುವುದು. ಬೈಯಲು ಅಲ್ಲ. ಹೌದು ಅಂದರೆ ಒಡಹುಟ್ಟಿದವರನ್ನೂ ಪರೀಕ್ಷಿಸುತ್ತೇವೆ. ಇಂಥ ಮಕ್ಕಳಿಗೆ ಜ್ವರ, ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ.