ವೈರಸ್ ಬರೀ 400 ಇದೆ, ಸಿರೋಸಿಸ್ ಇದ್ರೂ ಮಾತ್ರೆ ಬೇಕಾ?

ಪ್ರಶ್ನೆ: ನಮ್ಮಪ್ಪಂಗೆ ಲಿವರ್ ಸಿರೋಸಿಸ್ ಇದೆ, ಹೆಪಟೈಟಿಸ್ ಬಿ ಪಾಸಿಟಿವ್. ವೈರಲ್ ಲೋಡ್ 400 ಬಂದಿದೆ, ಎಎಲ್‌ಟಿ ನಾರ್ಮಲ್. 2000ದ ಒಳಗಿದ್ರೆ ನಾರ್ಮಲ್ ಅಂತಾರಲ್ಲ, ಹಂಗಾದ್ರೆ ಕ್ಯಾನ್ಸರ್ ಭಯ ಇಲ್ಲ ತಾನೆ?

ಭಯ ಇದೆ, ಮಾತ್ರೆನೂ ಬೇಕು. ಸಿರೋಸಿಸ್ (ಲಿವರ್ ತುಂಬ ಗಾಯದ ಕಲೆ ಬಿದ್ದು ಗಟ್ಟಿಯಾಗೋದು) ಇರೋರಿಗೆ ಡಿಎನ್‌ಎ ಟೆಸ್ಟಲ್ಲಿ (ವೈರಲ್ ಲೋಡ್ ಅಳೆಯೋ ರಕ್ತ ಪರೀಕ್ಷೆ) ವೈರಸ್ ಎಷ್ಟೇ ಕಮ್ಮಿ ಕಂಡ್ರೂ, ಎಎಲ್‌ಟಿ (ಲಿವರ್ ಕೋಶಕ್ಕೆ ಏಟು ಬಿದ್ರೆ ರಕ್ತದಲ್ಲಿ ಏರೋ ಕಿಣ್ವ) ಎಷ್ಟೇ ಇದ್ರೂ ಔಷಧಿ ಕೊಡಿ ಅಂತಾನೇ ಅಮೆರಿಕ, ಯುರೋಪ್ ಎರಡೂ ಕಡೆಯ ಲಿವರ್ ತಜ್ಞರ ಸಂಘಗಳು ಹೇಳೋದು. ಇಲ್ಲಿಗೇ ಮುಗಿಸ್ಬೋದಿತ್ತು, ಆದ್ರೆ ಆ 2000 ಅನ್ನೋ ನಂಬರ್ ಇದ್ಯಲ್ಲ, ಅದು ಜನರ ತಲೇಲಿ ಹೆಂಗೆ ಕೂತ್ಬಿಟ್ಟಿದೆ ಅಂದ್ರೆ ಎಷ್ಟು ಸಲ ಬಿಡಿಸಿ ಹೇಳಿದ್ರೂ ಇನ್ನೊಬ್ರು ಅದನ್ನೇ ಹಿಡ್ಕೊಂಡು ಬರ್ತಾರೆ.

2000 ನಾರ್ಮಲ್ ವ್ಯಾಲ್ಯೂ ಅಲ್ಲ ರೀ. ಈ ವೈರಸ್ಸಿಗೆ ನಾರ್ಮಲ್ ಅಂದ್ರೆ ಇಲ್ದೇ ಇರೋದು, ಅಷ್ಟೇ. ಲಿವರ್ ಇನ್ನೂ ಅಷ್ಟಾಗಿ ಕೆಡದೇ ಇರೋರಿಗೆ ಈಗ್ಲೇ ಮಾತ್ರೆ ಶುರು ಮಾಡೋದಾ, ಸ್ವಲ್ಪ ದಿನ ಕಾದು ನೋಡೋದಾ ಅಂತ ತೀರ್ಮಾನ ಮಾಡೋಕೆ ಡಾಕ್ಟ್ರುಗಳು ಇಟ್ಕೊಂಡಿರೋ ಗೆರೆ ಅದು. ಸಿರೋಸಿಸ್ ಬಂದ್ಮೇಲೆ ಕಾಯೋ ಮಾತೇ ಇಲ್ಲ, ಹಂಗಾಗಿ ಆ ಗೆರೆನೂ ಇಲ್ಲ.

ಇನ್ನು "ಬರೀ 400" ಅಂದ್ರಲ್ಲ, ಬನ್ನಿ ಲೆಕ್ಕ ಹಾಕೋಣ. ಮೈಯಲ್ಲಿ ಒಟ್ಟು 400 ವೈರಸ್ ಇದೆ ಅಂತಲ್ಲ ಅದು, ಒಂದು ಮಿಲಿಲೀಟರ್ ಪ್ಲಾಸ್ಮಾದಲ್ಲಿ (ರಕ್ತದ ದ್ರವ ಭಾಗ) 400 ಯೂನಿಟ್. ಒಂದು ಯೂನಿಟ್‌ಗೆ ಸುಮಾರು 5 ವೈರಸ್, ದೊಡ್ಡೋರ ಮೈಯಲ್ಲಿ ಪ್ಲಾಸ್ಮಾ ಹತ್ತಿರಹತ್ತಿರ 3 ಲೀಟರ್. ಗುಣಿಸಿ ನೋಡಿ, 60 ಲಕ್ಷ! ಅದೂ ರಕ್ತದಲ್ಲಿ ಓಡಾಡ್ತಿರೋದು ಮಾತ್ರ. ಅದು ಹುಟ್ಟೋ ಜಾಗ ಲಿವರ್ ಕೋಶದ ಒಳಗಿದೆ, ಅಲ್ಲಿ ವೈರಸ್ಸಿನ ಡಿಎನ್‌ಎ ವರ್ಷಗಟ್ಲೆ ಠಿಕಾಣಿ ಹೂಡಿರತ್ತೆ, ಅದರ ತುಂಡುಗಳು ನಮ್ಮದೇ ಕ್ರೋಮೋಸೋಮ್‌ಗಳಲ್ಲೂ ಸೇರ್ಕೊಂಡಿರ್ತವೆ. ಸಿರೋಸಿಸ್ ಆದ ಲಿವರ್‌ನಲ್ಲಿ ಒಂದು ಕಡೆ ಕೋಶ ಸಾಯ್ತಿರತ್ತೆ, ಇನ್ನೊಂದು ಕಡೆ ಗಂಟುಗಂಟಾಗಿ ಹೊಸದು ಬೆಳೀತಿರತ್ತೆ, ಹಿಂಗೆ ಬೆಳೆಯೋವಾಗ ಎಲ್ಲಾದ್ರೂ ಒಂದು ತಪ್ಪಾದ್ರೂ ಕ್ಯಾನ್ಸರ್‌ಗೆ ದಾರಿ ಆಗ್ಬೋದು. ಕೊರಿಯಾದಲ್ಲಿ ಎಂಟೆಕಾವಿರ್ ಅನ್ನೋ ಹೆಪಟೈಟಿಸ್ ಬಿ ಮಾತ್ರೆ ತಗೋತಿದ್ದೋರನ್ನ ಗಮನಿಸಿದಾಗ, ಸಿರೋಸಿಸ್ ಇದ್ದೋರಲ್ಲಿ ವೈರಸ್ 2000ದ ಒಳಗೇ ಆದ್ರೂ ಕಾಣಿಸ್ಕೋತಾನೇ ಇದ್ದೋರಿಗೆ, ಪೂರ್ತಿ ಕಾಣದಂಗೆ ಆದೋರಿಗಿಂತ ಲಿವರ್ ಕ್ಯಾನ್ಸರ್ ರಿಸ್ಕ್ ಸುಮಾರು ಎರಡು ಪಟ್ಟು ಇತ್ತು. ಈಗ ಹೇಳಿ, "ಬರೀ"?

ಎಎಲ್‌ಟಿ ಕಥೆನೂ ಇಷ್ಟೇ. ಈಗ ಕೋಶಕ್ಕೆ ಏಟು ಬೀಳ್ತಿದ್ಯಾ ಅನ್ನೋದಕ್ಕೆ ಅದು ಸುಳಿವು, ಹಳೇ ಗಾಯದ ಕಲೆ ಅದ್ರಲ್ಲಿ ಕಾಣಲ್ಲ. ಬೆಂಕಿ ಆರಿದ ಮಾತ್ರಕ್ಕೆ ಸುಟ್ಟ ಗೋಡೆ ಸರಿಹೋಗತ್ತಾ?

ಮಾತ್ರೆ ತಗೊಂಡು ವೈರಸ್ ಕಾಣದಂಗೆ ಆದ್ರೆ ರಿಸ್ಕ್ ಇಳಿಯತ್ತೆ, ಸೊನ್ನೆ ಆಗಲ್ಲ. ಹಂಗಾಗಿ 6 ತಿಂಗಳಿಗೊಂದ್ಸಲ ಅಲ್ಟ್ರಾಸೌಂಡ್ ಬಿಡೋ ಹಂಗಿಲ್ಲ, ಜೊತೆಗೆ ಎಎಫ್‌ಪಿ ಅನ್ನೋ, ಲಿವರ್ ಕ್ಯಾನ್ಸರ್ ಸುಳಿವು ಕೊಡೋ ರಕ್ತ ಪರೀಕ್ಷೆನೂ ಸಾಮಾನ್ಯವಾಗಿ ಮಾಡಿಸ್ತಾರೆ. ರಿಪೋರ್ಟನ್ನೂ ಸರಿಯಾಗಿ ಓದಿ, "20ಕ್ಕಿಂತ ಕಮ್ಮಿ, ಡಿಟೆಕ್ಟೆಡ್" (ಸ್ವಲ್ಪ ವೈರಸ್ ಇನ್ನೂ ಕಾಣಿಸ್ತಿದೆ) ಬೇರೆ, "ನಾಟ್ ಡಿಟೆಕ್ಟೆಡ್" (ಕಾಣಿಸ್ತಾನೇ ಇಲ್ಲ) ಬೇರೆ.

ಯಾರೂ ಕೇಳ್ದೇ ಇರೋ ಒಂದು ವಿಷ್ಯ ಹೇಳ್ಬಿಡ್ತೀನಿ. ಮಾತ್ರೆ ತಗೋತಿದ್ರೂ ವೈರಸ್ ಪೂರ್ತಿ ಹೋಗ್ತಿಲ್ಲ, ಮಾತ್ರೆನೇ ಸರಿ ಇಲ್ಲ ಅಂತ ಬೈಯೋರು ಬೇಕಾದಷ್ಟು ಜನ. ಯಾವಾಗ ತಗೋತೀರಿ ಅಂದ್ರೆ ಊಟ ಆದ ತಕ್ಷಣ ಅಂತಾರೆ. ಎಂಟೆಕಾವಿರ್ ಆದ್ರೆ ಖಾಲಿ ಹೊಟ್ಟೇಲೇ ತಗೋಬೇಕು, ಊಟ ಆಗಿ 2 ಗಂಟೆ ಕಳೆದಿರ್ಬೇಕು, ಮುಂದಿನ ಊಟಕ್ಕೆ ಇನ್ನೂ 2 ಗಂಟೆ ಇರ್ಬೇಕು, ಇಲ್ಲಾಂದ್ರೆ ಔಷಧಿ ಸರಿಯಾಗಿ ಮೈಗೆ ಹತ್ತಲ್ಲ. ಇದೇ ಕಾಯಿಲೆಗೆ ಕೊಡೋ ಇನ್ನೊಂದು ಮಾತ್ರೆ ಟೆನೊಫೊವಿರ್‌ಗೆ ಈ ಖಾಲಿ ಹೊಟ್ಟೆ ರೂಲ್ ಇಲ್ಲ. ಮಾತ್ರೆ ಬದಲಾಯಿಸಿ ಅಂತ ಕೇಳೋಕೆ ಮುಂಚೆ, ದಿನಾ ಯಾವ ಹೊತ್ತಿಗೆ ತಗೋತೀರಿ, ತಿಂಗಳಲ್ಲಿ ಎಷ್ಟು ದಿನ ಮರೀತೀರಿ ಅನ್ನೋದನ್ನ ಡಾಕ್ಟ್ರ ಹತ್ರ ಮುಚ್ಚಿಡ್ದೇ ಹೇಳಿ. ನೀವೇ ನಿಲ್ಲಿಸೋಕೆ ಮಾತ್ರ ಹೋಗ್ಬೇಡಿ, ವೈರಸ್ ಒಮ್ಮೆಲೇ ಕೆರಳಿದ್ರೆ ಸಿರೋಸಿಸ್ ಆಗಿರೋ ಲಿವರ್ ತಡ್ಕೊಳ್ದೇ ಫೇಲ್ ಆಗ್ಬೋದು.